ಹಟ್ಟಿಯ ಮರಿಗಳು ಮತ್ತು ಎಲ್‌ಕೆಜಿ

ಕಳೆದ ವಾರ ನಾನು ನಾಲ್ಕು ವರ್ಷದ ಮಗುವಿನ ಬೆರಳಿಗೆ ಹೊಡೆದೆ. ಬ್ಲೌಸ್ ಅಳೆಯುವ ಮರದ ಸ್ಕೇಲಿನಿಂದ.

ಅವಳು ಮಾಡಿದ್ದೇನು? ನಾಲ್ಕು ಗೆರೆಯ ಕಾಪಿಯಲ್ಲಿ ಅವಳ ಅಕ್ಷರ ಗೆರೆ ದಾಟಿತ್ತು. ಅಷ್ಟೇ.

ಮಗು ನನ್ನ ತಮ್ಮನದು, ಹೆಸರು ಚೈತ್ರಾ. ಅವನು ಕೂಡ್ಲಿಗಿ ಕಡೆಯ ಹಳ್ಳಿಯಲ್ಲಿ ಕುರಿ ಸಾಕುತ್ತಾನೆ. ನಾನು ಕೊಟ್ಟೂರಿನಲ್ಲಿ ಬಟ್ಟೆ ಹೊಲಿಯುವವಳು. ಓದಿದ್ದು ಆರನೇ ಕ್ಲಾಸು (ಪತ್ರಿಕೆಯಲ್ಲಿ ವಾರ ವಾರ ನನ್ನ ಈ ಬರಹ ತಿದ್ದುವವರಿಗೆ ಅದು ಚೆನ್ನಾಗಿ ಗೊತ್ತು). 'ಇವಳನ್ನೂ ಕುರಿ ಹಿಂದ ಬಿಡ್ತೀಯೇನಲೇ?' ಎಂದು ತಮ್ಮನ ಜೊತೆ ಜಗಳ ಆಡಿ, ಮಗುವನ್ನು ಕರೆತಂದು ಎಲ್‌ಕೆಜಿಗೆ ಸೇರಿಸಿದ್ದೆ.

'ನಿಮ್ಮ ಹುಡುಗಿ ಸ್ಲೋ ಅದಾಳ್ರಿ. ಮನ್ಯಾಗ ಕುಂದ್ರಿಸಿ ಬರಸ್ರಿ' ಎಂದರು ಮಿಸ್. ಬರೆಸಿದೆ. ಹೊಡೆದೂ ಬರೆಸಿದೆ. ಅವಳು ಅಳಲಿಲ್ಲ. ಮಾತೇ ನಿಲ್ಲಿಸಿದಳು. ಎರಡು ದಿನ ಬಿಟ್ಟು ಒಂದೇ ಒಂದು ಮಾತು ಕೇಳಿದಳು: 'ಅತ್ತಿ, ಅಪ್ಪನ ಕಡಿ ಹೋಗಾಣ?'

ನನಗೆ ಹೆದರಿಕೆಯಾಯಿತು. ಭಾನುವಾರ ಬಸ್ಸು ಹತ್ತಿದೆವು.

ಸಂಜೆ ಕುರಿಗಳು ಅಡವಿಯಿಂದ ಬಂದವು. ಎಳೆ ಮರಿಗಳು ಹಗಲೆಲ್ಲ ಹಟ್ಟಿಯಲ್ಲೇ, ತಡಿಕೆಯ ಹಿಂದೆ ಇರುತ್ತವೆ. ತಾಯಂದಿರು ಒಂದು ಕಡೆ, ಮರಿಗಳು ಒಂದು ಕಡೆ ಕೂಗುತ್ತಿದ್ದವು. ಧೂಳಿನಲ್ಲಿ ನನಗೆ ಎಲ್ಲವೂ ಒಂದೇ ಥರ ಕಂಡವು.

ಚೈತ್ರಾ ತಡಿಕೆಯೊಳಗೆ ನುಗ್ಗಿದಳು. ಒಂದು ಮರಿ ಎತ್ತಿದಳು, ಅಷ್ಟು ಕುರಿಗಳ ನಡುವೆ ಒಂದರ ಮುಂದೆ ಬಿಟ್ಟಳು. ಆ ಕುರಿ ಮರಿಯ ಬಾಲ ಮೂಸಿ ನಿಂತಿತು, ಮರಿ ಮೊಲೆಗೆ ಬಾಯಿಟ್ಟಿತು. ಮತ್ತೊಂದು. ಮಗದೊಂದು. ಒಂದೂ ತಪ್ಪಲಿಲ್ಲ! ನಾನೂ ಒಂದು ಮರಿ ಎತ್ತಿ ಹತ್ತಿರದ ಕುರಿಗೆ ಬಿಟ್ಟೆ. ಅದು ತಲೆಯಿಂದ ಗುದ್ದಿ ದೂಡಿತು.

'ಅಯ್ಯ ಅತ್ತಿ! ಕಿವಿ ನೋಡು, ಇದು ಅದರ ಮರಿ ಅಲ್ಲ' ಎಂದು ಚೈತ್ರಾ ಬಿದ್ದು ಬಿದ್ದು ನಕ್ಕಳು.

ಇವಳು ಸ್ಲೋ? ನನ್ನ ಕಣ್ಣು ತುಂಬಿತು. ದೇವರ ಮುಂದೆ ನಿಂತಾಗಲೂ ನನಗೆ ಹಾಗಾದದ್ದಿಲ್ಲ.

'ಈ ಮರಿ ಯಾಕ ಅಡವಿಗೆ ಒಯ್ಯಂಗಿಲ್ಲಪ್ಪ?' ತಮ್ಮನನ್ನು ಕೇಳಿದೆ.

'ಕಾಲು ಬಲೀಬೇಕಲ್ಲಕ್ಕ. ಈಗ ಹೊಡ್ಕೊಂಡು ಹೋದ್ರ ನಡು ದಾರ್ಯಾಗ ಕುಂತು ಬಿಡ್ತಾವ.'

ಅವನು ಮರಿಗಳ ಬಗ್ಗೆಯೇ ಹೇಳಿದ್ದು. ನಾನು ಸ್ಕೇಲಿನ ವಿಷಯ ಹೇಳಿಬಿಟ್ಟೆ. ಅವನು ಮಗಳ ಬೆರಳು ಹಿಡಿದು ನೋಡಿದ, ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

'ಕೊಟ್ಟೂರಿಗೆ ಬರ್ತೀಯೇನವ್ವ?' ಹೊರಡುವಾಗ ಕೇಳಿದೆ. ಚೈತ್ರಾ ಅಪ್ಪನ ಹಿಂದೆ ಸರಿದಳು. ಒಬ್ಬಳೇ ಬಸ್ಸು ಹತ್ತಿದೆ.

ಸೋಮವಾರ ಮಿಸ್ ಫೋನ್ ಮಾಡಿದರು. 'ಯಾಕ್ರಿ ಕಳಿಸಿಲ್ಲ? ಹೋಮ್‌ವರ್ಕ್ ಭಾಳ ಉಳದೈತಿ.'

'ಬೆರಳು ಬಲೀಲಿ ಮಿಸ್' ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಿಮಗೆ?