ಮಗುವಿನ ಮೂಗು ಯಾರ ಕಡೆಯದು

ಅರವತ್ತರ ದಶಕದ ಆರಂಭದಲ್ಲಿ ನನ್ನ ಚೊಚ್ಚಲ ಬಾಣಂತನ ಕಾರ್ಕಳದ ತವರಿನಲ್ಲಿ ಆಯಿತು. ಮಗಳು ಎಷ್ಟು ಸಣ್ಣಗಿದ್ದಳೆಂದರೆ ಅವಳನ್ನು ಎತ್ತಿಕೊಳ್ಳಲಿಕ್ಕೂ ನನಗೆ ಹೆದರಿಕೆ. ಮೀಯಿಸುವುದೆಲ್ಲ ನನ್ನ ಅಜ್ಜಿಯ ಪಾಲಿನ ಕೆಲಸ. ಬಚ್ಚಲಿನಲ್ಲಿ ಮಣೆ ಹಾಕಿ ಕಾಲು ಚಾಚಿ ಕುಳಿತು, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು, ಎಣ್ಣೆ ಹಚ್ಚುತ್ತಾ ದಿನವೂ ಅದರ ಮೂಗು ತೀಡುತ್ತಿದ್ದರು. ಮಗುವಿಗೆ ನನ್ನ ಗಂಡನ ಮೂಗು ಬಂದಿತ್ತು. ಅಗಲದಲ್ಲಿ ಸ್ವಲ್ಪ ಧಾರಾಳವಾದ ಮೂಗು.

“ಈಗ ತೀಡಿದರೆ ಉಂಟು. ದೊಡ್ಡವಳಾದ ಮೇಲೆ ಮುಟ್ಟಲಿಕ್ಕೆ ಬಿಡ್ತಾಳಾ?” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ನನ್ನ ಗಂಡನ ಅಜ್ಜಿ ಕಾಪುವಿನಿಂದ ಹೊರಟು, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ, ಮರಿಮಗಳನ್ನು ನೋಡಲು ಬಂದರು. ಕೈಕಾಲು ತೊಳೆದವರೇ ಬೆಲ್ಲ ನೀರನ್ನೂ ಮುಟ್ಟದೆ ಬಚ್ಚಲಿನ ಬಾಗಿಲಿಗೆ ಬಂದು ನಿಂತರು.

“ಅದೆಂತ ಮಾಡ್ತಾ ಇದ್ದೀರಿ?”

“ಮೂಗು ತೀಡ್ತಾ ಇದ್ದೇನೆ,” ಎಂದರು ನನ್ನ ಅಜ್ಜಿ.

“ಅದಕ್ಕೆ ಎಂತ ಆಗಿದೆ? ಅದು ನಮ್ಮ ಮನೆಯ ಮೂಗು.”

“ಗೊತ್ತುಂಟು. ಅದಕ್ಕೇ ತೀಡುವುದು.”

ಬಾಗಿಲ ಹಿಂದೆ ನಿಂತಿದ್ದ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಕಾಪುವಿನ ಅಜ್ಜಿ ಸೋಲುವವರಲ್ಲ. “ಮೂಗು ಇರಲಿ, ತಲೆ ನೋಡಿದ್ದೀರಾ? ಹಿಂದೆ ಚಪ್ಪಟೆ ಆಗ್ತಾ ಉಂಟು. ಕೊಡಿ ಇಲ್ಲಿ,” ಎಂದು ಸೀರೆ ಎತ್ತಿ ಕಟ್ಟಿ ಕುಳಿತೇಬಿಟ್ಟರು.

ಸಂಜೆಯ ಬಸ್ಸಿಗೆ ಹೋಗುತ್ತೇನೆಂದವರು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ನೀರು ಒಬ್ಬರಿಗೆ ಬಿಸಿ, ಇನ್ನೊಬ್ಬರಿಗೆ ತಣ್ಣಗೆ. ಮಗು ಅತ್ತರೆ ಒಬ್ಬರಿಗೆ ಹಸಿವು, ಇನ್ನೊಬ್ಬರಿಗೆ ದೃಷ್ಟಿ. ನಾನು ಅಡುಗೆಮನೆಗೆ ಹೋಗಿ ಅಮ್ಮನಲ್ಲಿ ದೂರು ಹೇಳಿದೆ.

ಅಮ್ಮ ತೆಂಗಿನಕಾಯಿ ತುರಿಯುತ್ತಲೇ, “ಅವರ ಜಗಳ ಮೂಗಿಗೂ ಅಲ್ಲ, ತಲೆಗೂ ಅಲ್ಲ ಮಗಾ. ಬಿಟ್ಟುಕೊಟ್ಟವರ ಮಡಿಲು ಖಾಲಿ ಆಗ್ತದಲ್ಲ, ಅದಕ್ಕೆ,” ಎಂದಳು.

ಮರುದಿನ ಬೆಳಿಗ್ಗೆ ನಾನೇ ಮಣೆಯ ಮೇಲೆ ಕುಳಿತೆ. “ನನಗೆ ಕಲಿಸಿ,” ಎಂದೆ. ಇಬ್ಬರೂ ಒಮ್ಮೆ ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು. ಕುತ್ತಿಗೆ ಹಿಡಿ, ಕಿವಿಗೆ ನೀರು ಹೋಗ್ತದೆ, ಮೆಲ್ಲ, ಅಷ್ಟು ಮೆಲ್ಲ ಅಲ್ಲ! ನಾನು ಬೆವರಿ ಒದ್ದೆಯಾದೆ. ಮಗು ಮಾತ್ರ ಇಬ್ಬರ ಕಡೆಗೂ ಸೇರದೆ, ಕಾಲಿನ ಮೇಲೆಯೇ ನಿದ್ದೆಹೋಯಿತು.

ಮಗುವನ್ನು ತೊಟ್ಟಿಲಿಗೆ ಹಾಕಿ ಬಂದಾಗ ಇಬ್ಬರೂ ಚಾವಡಿಯಲ್ಲಿ ಎಲೆಯಡಿಕೆಗೆ ಕುಳಿತಿದ್ದರು. ಕಾಪುವಿನ ಅಜ್ಜಿ ನನ್ನನ್ನು ನೋಡಿ, “ನನ್ನ ಮೊದಲಿನ ಮಗುವನ್ನು ನನಗೆ ಮೀಯಿಸಲಿಕ್ಕೇ ಬಿಡಲಿಲ್ಲ. ನೀನು ಸಣ್ಣ ಹುಡುಗಿ, ಬೀಳಿಸ್ತಿ ಅಂದರು. ತಿಂಗಳು ತುಂಬುವ ಮೊದಲೇ ಅದು ಹೋಯಿತು,” ಎಂದರು.

ನನ್ನ ಅಜ್ಜಿ ಒಂದು ಎಲೆ ಆರಿಸಿ, ಸುಣ್ಣ ಹಚ್ಚಿ, ಮಡಚಿ ಅವರ ಕೈಗಿಟ್ಟರು. “ನಾಳೆ ನೀವೇ ಮೀಯಿಸಿ,” ಎಂದರು.

“ಬೇಡ. ಇವಳೇ ಮೀಯಿಸಲಿ,” ಎಂದರು ಅವರು. “ನಾವಿಬ್ಬರೂ ಬದಿಯಲ್ಲಿ ಕೂತು ಬೈಯುವ.”