ಎಣಿಸದೆ ಉಳಿದ ಬೂತು

ಮತದಾನದ ದಿನ ಬೆಳಗ್ಗೆ ಅಮರಮ್ಮ ಟೀಚರಿಗೆ ಮಾಡಲು ಕೆಲಸವೇ ಇರಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇಂಥ ದಿನ ಒಂದೂ ಬಂದಿರಲಿಲ್ಲ. ಚುನಾವಣೆಯೆಂದರೆ ಹಿಂದಿನ ದಿನವೇ ಮಷೀನು ಹೊತ್ತು ಬಸ್ಸು ಹತ್ತಬೇಕು, ಯಾವುದೋ ಊರಿನ ಶಾಲೆಯಲ್ಲಿ ಸೊಳ್ಳೆ ಹೊಡೆಯುತ್ತ ಬಿದ್ದುಕೊಳ್ಳಬೇಕು, ನಸುಕಿನಲ್ಲೇ ಎದ್ದು ಅಭ್ಯರ್ಥಿಗಳ ಏಜೆಂಟರನ್ನು ಕೂಡಿಸಿ, ಮಷೀನು ಸರಿಯಿದೆಯೆಂದು ತೋರಿಸಲು ಅಣಕು ಮತದಾನ ಮಾಡಿಸಬೇಕು. ಈ ಸಲ ಅವರ ಹೆಸರೇ ಮಷೀನಿನ ಮೇಲೆ ಏರಿ ಕೂತಿತ್ತು. ಅಭ್ಯರ್ಥಿಗೆ ಆ ದಿನ ಏನು ಕೆಲಸ? ಕೈಮುಗಿಯುವ ದಿನಗಳೆಲ್ಲ ಮುಗಿದಿದ್ದವು. ದೇವದುರ್ಗದ ಬಾಡಿಗೆ ಮನೆಯಲ್ಲಿ ಎರಡು ಸಲ ಕಸ ಹೊಡೆದರು, ತೊಳೆದಿಟ್ಟ ಗ್ಲಾಸುಗಳನ್ನೇ ಮತ್ತೆ ತೊಳೆದರು, ಬಾಗಿಲಿಗೆ ಬಂದು ನಿಂತರು, ಒಳಗೆ ಹೋದರು.

"ಯಕ್ಕಾ, ಒಂದು ಕಡಿ ಕುಂದ್ರು ಬೇ. ನಿನ್ನ ನೋಡಿ ನನಗ ತಲಿ ತಿರಗಾಕತ್ತದ," ಎಂದ ತಮ್ಮ ಯಂಕೋಬ.

"ಗಾಡಿ ತಗಿ. ಗಬ್ಬೂರಿಗಿ ಹೋಗೂಣು."

"ಇನ್ನಾ ಒಂಬತ್ತು ಸೈತ ಆಗಿಲ್ಲ."

"ತಗಿ ಅಂದ್ರ ತಗಿ!"

ಶಾಸಕಿಯಾಗುವ ಆಸೆ ಅವರಿಗಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ದೊಡ್ಡ ಪಕ್ಷಗಳ ನಡುವೆ ಪಕ್ಷೇತರ ಟೀಚರೊಬ್ಬಳು ಗೆಲ್ಲುವುದು ಎಷ್ಟರ ಮಾತು ಎಂಬುದು ಅವರಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದು ಗಬ್ಬೂರಿನ ಒಂದು ಬೂತು, ಅಷ್ಟೇ. ಕ್ಷೇತ್ರವೆಲ್ಲ ಕೈಬಿಡಲಿ, ತಾವು ಹುಟ್ಟಿದ ಓಣಿಯ ಬೂತಿನಲ್ಲಿ ಒಂದೇ ಒಂದು ಮತದಿಂದಾದರೂ ಮುಂದಿರಬೇಕು. ಅದೇ ಓಣಿಯಲ್ಲಿ ಅವರವ್ವ ಕಳೆ ತೆಗೆಯಲು ಹೋಗುವ ಮುನ್ನ ಮಗಳನ್ನು ರಟ್ಟೆ ಹಿಡಿದು ಶಾಲೆಗೆ ಬಿಟ್ಟು ಹೋಗುತ್ತಿದ್ದಳು. "ಇಕಿ ಓದಿ ಯಾವ ರಾಜ್ಯ ಆಳ್ತಾಳ?" ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ಆ ನಗು ಅಮರಮ್ಮನ ಹೊಟ್ಟೆಯಲ್ಲಿ ನಲವತ್ತು ವರ್ಷ ಕೂತಿತ್ತು. ಅವ್ವ ಹೋಗಿಬಿಟ್ಟಳು. ಊರು ನಿನ್ನ ಮಗಳನ್ನು ಒಪ್ಪಿತು ನೋಡು ಎಂದು ತೋರಿಸಲು ಈಗ ಆ ಬೂತಿನ ಲೆಕ್ಕವೊಂದೇ ಉಳಿದಿತ್ತು.

ನೌಕರಿ ಮೊದಲು ಚಂದ್ರಬಂಡದಲ್ಲಿ, ಆಮೇಲೆ ಮಾನ್ವಿಯಲ್ಲಿ. ಮಾನ್ವಿಯಲ್ಲೇ ಅವರು ಶಿಕ್ಷಕರ ಸಂಘ ಸೇರಿದ್ದು. ಸೇರಿದ್ದೇನು, ಅವರೇ ಸಂಘವಾಗಿಬಿಟ್ಟರು. ರಾಯಚೂರಿನ ಉರ್ದು ಶಾಲೆಯ ಕಹಕಶಾನ್ ಎಂಬ ಟೀಚರ್ ಹುಡುಗಿಗೆ ಬಸುರಿನಲ್ಲಿ ಏಳು ತಿಂಗಳು ತುಂಬಿದ್ದಾಗ ಎಲ್ಲೋ ಗಡಿ ಊರಿಗೆ ನಿಯೋಜನೆ ಹಾಕಿದ್ದರು. ಅಮರಮ್ಮ ಬುತ್ತಿ ಕಟ್ಟಿಕೊಂಡು ಹೋಗಿ ಕಚೇರಿಯ ನೆಲದ ಮೇಲೆ ಕೂತರು. "ಆರ್ಡರ್ ಬದಲಿ ಆಗೂತನ ನಾ ಏಳಂಗಿಲ್ರಿ ಸಾಹೇಬ್ರ, ನೀವು ಬೇಕಾದ್ರ ಮನಿಗಿ ಹೋಗ್ರಿ," ಎಂದರು. ಸಂಜೆಯೊಳಗೆ ಆದೇಶ ಬದಲಾಯಿತು.

ಚುನಾವಣೆಗೆ ನಿಲ್ಲಿಸಿದ್ದೂ ಇಂಥ ಸಿಟ್ಟೇ. ಐದು ತರಗತಿಗೆ ಒಬ್ಬರೇ ಟೀಚರು ಇರುವ ಶಾಲೆಗಳ ಪಟ್ಟಿ ಹಿಡಿದು ಮುಖಂಡರೊಬ್ಬರ ಮನೆಗೆ ಹೋದಾಗ ಅವರು ಹಲ್ಲಿಗೆ ಕಡ್ಡಿ ಆಡಿಸುತ್ತ, "ಅಷ್ಟು ತಿಳೀತಿದ್ರ ನೀವ ಎಲೆಕ್ಷನಿಗಿ ನಿಂದರ್ರಿ ಟೀಚರ್ರ," ಎಂದಿದ್ದರು. ಅಮರಮ್ಮ ಮನೆಗೆ ಬಂದು ರೊಟ್ಟಿ ಉಂಡು, ಕೈ ತೊಳೆದು, ಸ್ವಯಂ ನಿವೃತ್ತಿಗೆ ಅರ್ಜಿ ಬರೆದರು. ಸಂಘದವರು ಹಾರ ಹಾಕಿ ಕುಣಿದರು. ಕುಣಿದವರಿಗೆಲ್ಲ ಮುಂದೆ ಚುನಾವಣಾ ಕರ್ತವ್ಯದ ಆದೇಶ ಬಂತು. ಸರಕಾರಿ ನೌಕರರು ಬಾಯಿ ಬಿಡುವಂತಿಲ್ಲ. ಎದುರಿಗೆ ಸಿಕ್ಕರೆ ಕಣ್ಣಲ್ಲೇ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದರು. ಮನೆಮನೆ ತಿರುಗಲು ಉಳಿದವರು ಅಕ್ಕ ತಮ್ಮ ಇಬ್ಬರೇ. ಅಮರಮ್ಮ ಚುನಾವಣೆಗೆ ಕಪ್ಪುಹಲಗೆಯ ಗುರುತು ಕೇಳಿದ್ದರು, ಅದು ಕಣಕ್ಕಿಳಿದಿದ್ದ ಗುತ್ತಿಗೆದಾರನೊಬ್ಬನ ಪಾಲಾಯಿತು. ಇವರಿಗೆ ಸಿಕ್ಕಿದ್ದು ಹೊಲಿಗೆ ಮಷೀನು!

ಗಬ್ಬೂರಿನ ಶಾಲೆಯ ಮುಂದೆ ಹೆಂಗಸರ ಸಾಲು ಉದ್ದಕ್ಕೆ ನಿಂತಿತ್ತು. ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದವರೂ ಬಂದಿದ್ದರು. ಒಬ್ಬ ಮುದುಕಿ ಅಮರಮ್ಮನನ್ನು ನೋಡಿ, ಬಾಯಿ ಬಿಡದೆ, ಬೆರಳಿನಲ್ಲಿ ಬಟ್ಟೆ ಹೊಲಿಯುವ ಆಟ ಮಾಡಿ ತೋರಿಸಿತು. ಅಮರಮ್ಮನ ಎದೆ ಉಬ್ಬಿತು. ಅವ್ವಾ, ನೋಡಿದೆಯಾ ಎಂದುಕೊಂಡರು.

ಬೂತಿನ ಮುಖ್ಯ ಅಧಿಕಾರಿಯಾಗಿ ಒಳಗೆ ಕೂತಿದ್ದವಳು ಅದೇ ಕಹಕಶಾನ್. ಈ ಹೊಣೆ ಅವಳಿಗೆ ಇದೇ ಮೊದಲು. ಅಮರಮ್ಮನನ್ನು ಕಂಡದ್ದೇ ಎದ್ದು ಬಾಗಿಲಿಗೆ ಬಂದಳು.

"ಅಕ್ಕಾ, ರಿಜಿಸ್ಟರಿನಾಗ ಓಟು ಹಾಕಿದವ್ರು ಇನ್ನೂರಾ ಹನ್ನೆರಡು ಮಂದಿ ಅದಾರ. ಮಷೀನು ಇನ್ನೂರಾ ಅರವತ್ತೆರಡು ತೋರ್ಸಾಕತ್ತದ. ಯಾ ಅಲ್ಲಾ, ಏನ್ ಮಾಡ್ಲಿ?"

ಅಮರಮ್ಮನಿಗೆ ತಕ್ಷಣ ಹೊಳೆಯಿತು. ಐವತ್ತು! ಮುಂಜಾನೆಯ ಅಣಕು ಮತಗಳು. ಅವನ್ನು ಅಳಿಸಿ, ಮಷೀನು ಸೊನ್ನೆ ತೋರಿಸುವುದನ್ನು ಏಜೆಂಟರಿಗೆ ಕಾಣಿಸಿ, ಆಮೇಲೆ ಸೀಲು ಹಾಕಬೇಕು. ಇವಳು ಅಳಿಸದೆಯೇ ಸೀಲು ಹಾಕಿದ್ದಳು.

ಅಮರಮ್ಮನ ಏಜೆಂಟ ಬೂದೆಪ್ಪ ಹೊರಗೆ ಬೀಡಿ ಸೇದುತ್ತ ನಿಂತಿದ್ದ. "ಸೊನ್ನಿ ನೋಡೇ ಸಹಿ ಹಾಕಬೇಕು ಅಂತ ಬಡಕೊಂಡಿದ್ನಲ್ಲಪಾ. ನೋಡಿದ್ಯೇನು?" ಎಂದು ಅಮರಮ್ಮ ಅವನನ್ನು ಕೇಳಿದರು.

ಬೂದೆಪ್ಪ ಬೀಡಿ ಒಗೆದ. "ಅವ್ರು ನಿಮ್ಮ ಸಂಘದವ್ರಲ್ರಿ. ನಮ್ಮವ್ರಿಗಿ ಸೊನ್ನಿ ತೋರ್ಸ್ರಿ ಅಂತ ಹ್ಯಾಂಗ ಕೇಳದ್ರಿ? ಸಂಕೋಚ ಆತು."

ಉಳಿದ ಏಜೆಂಟರೋ, ಸಹಿಯ ಕಾಗದದಲ್ಲಿ ಯಾರ ಹೆಸರು ಮೇಲಿರಬೇಕೆಂದು ಕಿತ್ತಾಡುವುದರಲ್ಲಿ ಮುಳುಗಿದ್ದರಂತೆ.

"ಸಂಜೀಕ ರಿಜಿಸ್ಟರಿನಾಗ ಐವತ್ತು ಹೆಸರು ಹ್ಯಾಂಗರ ಹೊಂದಿಸ್ಲೇನಕ್ಕಾ?" ಕಹಕಶಾನ್ ಪಿಸುಗುಟ್ಟಿದಳು. "ಯಾರಿಗೂ ಗೊತ್ತಾಗಿಲ್ಲ. ನನ್ನ ಸಸ್ಪೆಂಡ್ ಮಾಡ್ತಾರ."

ಅಮರಮ್ಮ ಸಾಲಿನ ಕಡೆ ನೋಡಿದರು. ವಿಷಯ ಹೊರಬಿದ್ದರೆ ಈ ಬೂತಿಗೆ ಮರುಮತದಾನ. ಹೈದರಾಬಾದಿನವರು ಇನ್ನೊಮ್ಮೆ ಬರುವುದುಂಟೇ? ಸುಮ್ಮನಿದ್ದರೆ ಈ ಬೂತು ತಮ್ಮದು, ಹುಡುಗಿಯ ನೌಕರಿಯೂ ಉಳಿಯುತ್ತದೆ. ಹೂಂ ಅಂದರೆ ಸಾಕು. ಹೂಂ ಎನ್ನುವ ಆಸೆ ಗಂಟಲ ತನಕ ಬಂತು ಕೂಡ. ಆದರೆ ಆ ಐವತ್ತು ಹೆಸರು ಯಾರವು? ಬರಲಾರದವರ, ಸತ್ತವರ ಹೆಸರಿನ ಮುಂದೆ ಈ ಹುಡುಗಿ ಕೂತು ಕಳ್ಳ ಸಹಿ ಹಾಕಬೇಕು. ಈಗ ಆಗಿರುವುದು ಮರೆವು, ಆಗ ಆಗುವುದು ಕಳ್ಳತನ. ಸಿಕ್ಕಿಬಿದ್ದರೆ ಜೈಲು. ಅಭ್ಯರ್ಥಿಯಾದವಳು ಅಧಿಕಾರಿಗೆ ಬುದ್ಧಿ ಹೇಳುವಂತಿಲ್ಲ ಎಂಬ ನಿಯಮವೂ ನೆನಪಾಯಿತು. ಹಾಳಾಗಿ ಹೋಗಲಿ ನಿಯಮ.

"ಟೈಮ್ ಹಾಕಿ ಬೂತಿನ ಡೈರಿಯೊಳಗ ಬರಿ. ಇದ್ದದ್ದು ಇದ್ದಂಗ ಬರಿ. ಸೆಕ್ಟರ್ ಆಫೀಸರಿಗಿ ಈಗಿಂದೀಗ ಫೋನ್ ಹಚ್ಚು."

"ಅಕ್ಕಾ, ನಿಮ್ಮ ಓಟು..."

"ನನ್ನ ಓಟಿನ ಚಿಂತಿ ನಿನಗ ಯಾಕ? ಬರಿ ಅಂದ್ನಲ್ಲ!"

ಗದರಿದ ದನಿ ತಮಗೇ ಅಳುವಿನಂತೆ ಕೇಳಿಸಿತು. ಅಲ್ಲಿ ಇನ್ನೊಂದು ಗಳಿಗೆ ನಿಲ್ಲಲಾಗದೆ ಗಾಡಿಯಲ್ಲಿ ಹೋಗಿ ಕೂತರು, ಕೂತವರು ಇಳಿದರು, ಇಳಿದು ಶಾಲೆಯ ಗೋಡೆಯುದ್ದಕ್ಕೂ ಶತಪಥ ತಿರುಗಿದರು.

ಆ ದಿನ ಸಂಜೆಯ ತನಕ ನಡೆದ ಮತದಾನವನ್ನು ರದ್ದು ಮಾಡಿದರು, ಮೂರನೆಯ ದಿನ ಮರುಮತದಾನ. ಮೊದಲ ದಿನ ಏಳುನೂರು ದಾಟಿದ್ದ ಮತ ಈ ಸಲ ಮುನ್ನೂರ ತೊಂಬತ್ತಕ್ಕೇ ನಿಂತಿತು. "ಸಂಘದ ಟೀಚರಮ್ಮಗೋಳು ಕೂಡಿ ಐವತ್ತು ಓಟು ತುರುಕಿದ್ರು" ಎಂಬ ಸುದ್ದಿಯೂ ಅಷ್ಟರಲ್ಲಿ ಊರು ಸುತ್ತಿತ್ತು. ಎಣಿಕೆಯಲ್ಲಿ ಆ ಬೂತಿನಿಂದ ಅಮರಮ್ಮನಿಗೆ ಬಂದದ್ದು ಎಂಬತ್ತಮೂರು. ಕ್ಷೇತ್ರದಲ್ಲಿ ಠೇವಣಿಯೂ ಉಳಿಯಲಿಲ್ಲ. ಅದಕ್ಕೆ ಅವರು ಅಷ್ಟು ನೋಯಲಿಲ್ಲ. ಮೊದಲ ದಿನದ ಆ ಮಷೀನನ್ನು ಯಾರೂ ಎಣಿಸಲಿಲ್ಲ, ಎಣಿಸುವುದೂ ಇಲ್ಲ. ಸಂತೆಯಲ್ಲಿ ಸಿಕ್ಕವರೆಲ್ಲ, "ಮೊದಲ್ನೇ ದಿನ ನಿಮಗ ಒತ್ತಿದ್ದೆವ್ರಿ ಟೀಚರ್ರ, ನಮ್ಮಪ್ಪನಾಣಿ," ಎನ್ನುವವರೇ. ಎಲ್ಲರೂ ಒತ್ತಿದ್ದರೋ, ಯಾರೂ ಒತ್ತಿರಲಿಲ್ಲವೋ! ಆ ಮುದುಕಿಯಾದರೂ ಒತ್ತಿತ್ತೋ ಇಲ್ಲವೋ. ಆ ಸಂಕಟ ಅವರನ್ನು ಕೂತಲ್ಲಿ ಕೂರಗೊಡಲಿಲ್ಲ.

ಕಹಕಶಾನ್ ಅಮಾನತಾದಳು. ಎರಡು ತಿಂಗಳ ಮೇಲೆ ರಾಯಚೂರಿನಲ್ಲಿ ಇಲಾಖಾ ವಿಚಾರಣೆ ನಡೆಯಿತು. ಆ ಬೂತಿನ ಅಭ್ಯರ್ಥಿಯೆಂದು ಅಮರಮ್ಮನಿಗೂ ಸಾಕ್ಷಿ ಹೇಳಲು ಕರೆ ಬಂತು. ಕಹಕಶಾನ್ ಮೂಲೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ತಪ್ಪು ಕಂಡದ್ದೇ ಅವಳೇ ಡೈರಿಯಲ್ಲಿ ಬರೆದು ತಿಳಿಸಿದ್ದು ಅವಳ ಕಡೆಗಿತ್ತು. ಇನ್ನೊಂದು ಮಾತಿನ ಮೇಲೆ ಎಲ್ಲ ನಿಂತಿತ್ತು: ತಪ್ಪಿನಿಂದ ಯಾರಿಗಾದರೂ ಹಾನಿಯಾಗಿದ್ದರೆ ಶಿಕ್ಷೆ ದೊಡ್ಡದು, ಇಲ್ಲವಾದರೆ ಎಚ್ಚರಿಕೆ ಕೊಟ್ಟು ಕೆಲಸಕ್ಕೆ ವಾಪಸು ತೆಗೆದುಕೊಳ್ಳಬಹುದು.

ಅಧಿಕಾರಿ ಕಾಗದ ತಿರುವಿದರು. "ಮೊದಲ ದಿನ ಆ ಬೂತಿನಲ್ಲಿ ಮುಕ್ಕಾಲು ಪಾಲು ನಿಮಗೇ ಬಿದ್ದಿತ್ತು ಅಂತ ನಿಮ್ಮ ಏಜೆಂಟ ಹೇಳಿಕೆ ಕೊಟ್ಟಿದ್ದಾನೆ. ನಿಜವೇ?"

ಅಮರಮ್ಮನ ಕಣ್ಣಿಗೆ ಆ ಸಾಲು ಬಂತು. ಹೌದು ಅನ್ನು ಎಂದು ಎದೆ ಹೊಡೆದುಕೊಂಡಿತು. ಸರಕಾರದ ಕಾಗದದ ಮೇಲೆ ಒಂದು ಸಲ, ಒಂದೇ ಸಲ, ಗಬ್ಬೂರು ನನ್ನದಾಗಿತ್ತು ಎಂದು ಬರೆಸಬಹುದಿತ್ತು.

"ಅಂವ ಸುಮ್ಮ ಅಭಿಮಾನಕ್ಕ ಹೇಳ್ಯಾನ್ರಿ ಸರ್," ಎಂದರು. "ನನಗ ಅಲ್ಲಿ ಅಷ್ಟು ಓಟು ಇರಲೇ ಇಲ್ಲ."

"ಅಂದರೆ ಈಕೆಯ ತಪ್ಪಿನಿಂದ ನಿಮಗೆ ನಷ್ಟವಾಗಿಲ್ಲ?"

"ಏನೂ ಆಗಿಲ್ರಿ."

ಗುಮಾಸ್ತ ಹಾಗೆಯೇ ಟೈಪು ಮಾಡಿ ಕಾಗದ ಮುಂದಿಟ್ಟ. ಅಮರಮ್ಮ ಸಹಿ ಹಾಕಿದರು.