ಸೇತುವೆ ಮೇಲೆ ಎಳೆದ ಸೀಮೆ

ಹೋದ ವಾರ ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಬಾಗಿಲು ಸರಿಮಾಡಲು ಬಂದ ಬಡಗಿ, ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಉಫ್ ಎಂದು ಊದಿದ. ಆ ಒಣ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು. ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿತ್ತೋ ಇಲ್ಲವೋ, ಒಂದು ತುಂಡು ಸೀಮೆಸುಣ್ಣವಂತೂ ಇದ್ದೇ ಇರುತ್ತಿತ್ತು. ಜೇಬಿನ ತಳವೆಲ್ಲ ಸದಾ ಬೆಳ್ಳಗೆ...

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವುದು ಅಬ್ಬಾನ ಕಸುಬು, ಅವರ ಅಬ್ಬಾನ ಕಸುಬು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚವಿಲ್ಲ. ಬಿ.ಎ. ಕೊನೆಯ ಪರೀಕ್ಷೆ ಮುಗಿಯುತ್ತಿದ್ದಂತೆ ಹರಿಹರದಿಂದ ಒಂದು ಸಂಬಂಧ ಬಂತು. ನಾನು ಎಂ.ಎ. ಅಂದೆ. ಅಬ್ಬಾ ಬಹಳ ಹೊತ್ತು ಮರಳು ಕೆದಕುತ್ತಾ ಕೂತು, ಕೊನೆಗೆ ಅಂದರು: "ಸೀಟ್ ಸಿಕ್ರೆ ಓದು ಬೇಟಿ. ಸಿಗ್ಲಿಲ್ಲಾಂದ್ರ ಹರಿಹರದೋರಿಗೆ ಹ್ಞೂಂ ಅಂತೀನಿ. ಆಮ್ಯಾಲೆ ಅಳಬ್ಯಾಡ."

ಅದೇ ಬೇಸಿಗೆಯಲ್ಲಿ ಮೇಷ್ಟ್ರು ವಿದ್ಯಾನಗರದ ಒಂದು ಹಾಸ್ಟೆಲಿನ ಖಾಲಿ ಊಟದ ಮನೆಯಲ್ಲಿ, ಎಂ.ಎ. ಸೇರಬೇಕೆನ್ನುವವರಿಗೆ ರಜೆಯ ಪಾಠ ಶುರುಮಾಡಿದ್ದರು. ಸೇರಲು ಒಂದೇ ಷರತ್ತು: ಮನೆಯಲ್ಲಿ ಅದುವರೆಗೆ ಯಾರೂ ಡಿಗ್ರಿ ಮಾಡಿರಬಾರದು. ಓದಿದವರು ಮನೆಯಲ್ಲಿಲ್ಲ ಎಂಬುದು ನಮ್ಮ ಪಾಲಿಗೆ ಅರ್ಹತೆಯಾದದ್ದು ಅದೇ ಮೊದಲು. ಬಂದವರು ಕೆಲವೇ ಮಂದಿ. ಹುಡುಗಿ ನಾನೊಬ್ಬಳೇ. ಪಕ್ಕದಲ್ಲಿ ಲೋಕಿಕೆರೆಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ರೈತರ ಹುಡುಗ.

ಪಾಠ ಅಂದರೆ ಪಾಠವಲ್ಲ ಅದು. ರಾಜ್ಯಕ್ಕೆ ನಾಲ್ಕು ಮೂಲಾಂಶಗಳು, ಜನ, ನೆಲ, ಸರ್ಕಾರ, ಪರಮಾಧಿಕಾರ ಎಂದು ನಾನು ಗಡಗಡ ಒಪ್ಪಿಸಿದರೆ ಮೇಷ್ಟ್ರು ಕೈ ಅಡ್ಡ ಹಿಡಿಯುತ್ತಿದ್ದರು. "ಅದು ಪುಸ್ತಕದ್ದಾತಮ್ಮ. ನಿಮ್ಮನಿ ಮಾತಿನಾಗೆ ಹೇಳು." ಮನೆಯ ಮಾತಿನಲ್ಲಿ ಹೇಳಿದರೆ ಮುಂದಿನದು ಒಂದೇ ಶಬ್ದ: "ಯಾಕ?" ಅದಕ್ಕೆ ಉತ್ತರ ಕೊಟ್ಟರೆ ಮತ್ತೆ "ಯಾಕ?" ಲೋಕಿಕೆರೆ ಹುಡುಗ ಅವರ ಬೆನ್ನ ಹಿಂದೆ ಅಣಕಿಸುತ್ತಿದ್ದ: "ನಮ್ಮ ಎಮ್ಮಿನೂ ಇಷ್ಟು ಸತಿ ಒದರಲ್ಲ ಬಿಡು." ಪರಮಾಧಿಕಾರ ಯಾರದು ಎಂಬ ಪ್ರಶ್ನೆಗೆ ನಾನು, ಭಟ್ಟಿ ಅಬ್ಬಾನದಾದರೂ ಅವರಮ್ಮ, ನಮ್ಮ ದಾದಿ, ಬ್ಯಾಡ ಅಂದರೆ ಬೆಂಕಿ ಆರುತ್ತದೆ ಎಂದೆ. ಮೇಷ್ಟ್ರು ನಗಲಿಲ್ಲ. "ಯಾಕ ಆರ್ತೈತಿ?" ಅಂದರು. ಆ ದಿನವೆಲ್ಲ ನಾನು ದಾದಿಯನ್ನೇ ನೋಡುತ್ತಾ ಕೂತಿದ್ದೆ.

ಒಂದು ಬೆಳಿಗ್ಗೆ ನಮ್ಮನ್ನು ಬಸ್ಸಿನಲ್ಲಿ ಹರಿಹರಕ್ಕೆ ಕರೆದೊಯ್ದರು. ತುಂಗಭದ್ರೆಯ ಸೇತುವೆಯ ನಡುಮಧ್ಯೆ ನಿಂತು, ಜೇಬಿನಿಂದ ಸೀಮೆಸುಣ್ಣ ತೆಗೆದು, ಬಗ್ಗಿ ರಸ್ತೆಗೆ ಅಡ್ಡಲಾಗಿ ಒಂದು ಗೆರೆ ಎಳೆದರು. "ನಿಮ್ಮಜ್ಜನ ಕಾಲಕ್ಕ ಈ ಕಡೆ ಮೈಸೂರು ಸೀಮೆ, ಆ ಕಡೆ ಬೊಂಬಾಯಿ ಸೀಮೆ. ಹೊಳಿ ಇಲ್ಲೇ ಐತೆ, ಜನಾನೂ ಇಲ್ಲೇ ಅದಾರೆ. ಸೀಮೆ ಎಲ್ಲಿಗೆ ಹೋತು?" ಅಷ್ಟರಲ್ಲಿ ಒಂದು ಲಾರಿ ಗೆರೆಯ ಮೇಲೇ ಹಾದುಹೋಯಿತು. "ಬೊಂಬಾಯಿ ಮುಟ್ಟಿದ್ದು ಡ್ರೈವರಿಗೆ ಗೊತ್ತೇ ಆಗ್ಲಿಲ್ಲ ನೋಡ್ರಿ ಸರ್" ಎಂದ ಲೋಕಿಕೆರೆಯವ.

ನಾನು ಅಂದೆ, "ಸೀಮೆ ಬಾಯಾಗೈತೆ ಸರ್. ನಮ್ಮ ದಾದಿ ಇವತ್ತಿಗೂ ರಾಣೆಬೆನ್ನೂರಿಗೆ ಹೋಗಿ ಬಂದ್ರೆ ಬೊಂಬಾಯಿ ಸೀಮೆಗೆ ಹೋಗಿದ್ದೆ ಅಂತಾಳೆ." ಮೇಷ್ಟ್ರು ಶಹಭಾಸ್ ಅನ್ನಬಹುದೆಂದು ಕಾದೆ.

"ಯಾಕ?"

ಆ ಪ್ರಶ್ನೆ ಹೊತ್ತೇ ಬಸ್ ಹತ್ತಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ, ನೀವು ಯಾಕ ನಮಗಾಗಿ ರಜೆ ಹಾಳುಮಾಡ್ಕೊಂತೀರಿ ಸರ್ ಎಂದು ತಿರುಗಿ ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತಾ, "ಅದು ಪರೀಕ್ಷಿಗೆ ಬರಲ್ಲಮ್ಮ" ಅಂದರು.

ಸಂದರ್ಶನದ ದಿನ ವಿಶ್ವವಿದ್ಯಾಲಯದಲ್ಲಿ ಮೂವರು ಹಿರಿಯರು ಕೂತಿದ್ದರು. ಮೊದಲ ಪ್ರಶ್ನೆಯೇ, ರಾಜ್ಯ ಎಂದರೇನು? ಕಂಠಪಾಠ ಮಾಡಿದ್ದ ನಾಲ್ಕೂ ಅಂಶಗಳನ್ನು ಒಪ್ಪಿಸಲೆಂದೇ ಬಾಯಿ ತೆರೆದೆ. ಹರಿಹರದವರು ಕಣ್ಣ ಮುಂದೆ ಬಂದರು. ಬಾಯಿಂದ ಹೊರಟದ್ದು ಒಂದೇ ಮಾತು: "ಸೀಮೆ."

ನಡುವೆ ಕೂತಿದ್ದವರು ನಕ್ಕರು. "ಯಾವ ಸೀಮೆಯಮ್ಮ? ಸೀಮೆಎಣ್ಣೆಯ ಸೀಮೆಯೋ?"

ಉಳಿದವರೂ ನಕ್ಕರು. ನನ್ನ ಕಿವಿ ಕಾದ ಮರಳಾಯಿತು. ಆದರೆ ಆ ಗೇಲಿಯಲ್ಲೇ ಸೇತುವೆಯ "ಯಾಕ"ಕ್ಕೆ ಉತ್ತರವಿತ್ತು. "ಹೌದು ಸರ್, ಅದೇ ಸೀಮೆ" ಅಂದೆ. "ಸೀಮೆ ಅಂದ್ರೆ ಗಡಿ. ಆದ್ರೆ ಹೊರಗಿಂದ ಬಂದ ಎಣ್ಣಿಗೆ ಸೀಮೆಎಣ್ಣೆ ಅಂತೀವಿ, ಸುಣ್ಣಕ್ಕೆ ಸೀಮೆಸುಣ್ಣ ಅಂತೀವಿ. ಗೆರೆ ಎಳೆದ ಮ್ಯಾಲೇ ಹೊರಗಿನದು ಅಂಬೋದು ಹುಟ್ಟತೈತಿ ಸರ್. ಗೆರೆ ಅಳಿಸಿದ್ರೂ ಮಾತಿನಾಗೆ ಉಳೀತೈತಿ. ಹಂಗೆ ಗೆರೆ ಎಳದು, ಜನ ಅದನ್ನ ನಂಬೋ ಹಂಗ ಮಾಡೋದೇ ರಾಜ್ಯ ಅನಸ್ತೈತಿ ನನಗೆ."

ನಗು ನಿಂತಿತ್ತು. "ಇದನ್ನು ಯಾರು ಹೇಳಿಕೊಟ್ಟರು?" ಎಂದರು ನಡುವೆ ಕೂತಿದ್ದವರು.

"ಯಾರೂ ಹೇಳಿಕೊಟ್ಟಿಲ್ಲ ಸರ್. ಕೇಳಿದೋರು ಒಬ್ರು ಅದಾರೆ."

ಸೀಟು ಸಿಕ್ಕಿತು. ಅಬ್ಬಾ ಕೊಟ್ಟ ಮಾತು ಉಳಿಸಿಕೊಂಡರು. ಹಾಸ್ಟೆಲಿಗೆಂದು ಒಂದು ಚೀಲ ಮಂಡಕ್ಕಿ ಕಟ್ಟಿಕೊಟ್ಟು, ಬಸ್ ಸ್ಟ್ಯಾಂಡಿನವರೆಗೂ ತಾವೇ ಹೊತ್ತು ಬಂದರು. ಮೇಷ್ಟ್ರಿಗೆ ಉತ್ತರ ಒಪ್ಪಿಸೋಣವೆಂದು ಮೊದಲ ರಜೆಯಲ್ಲೇ ವಿದ್ಯಾನಗರಕ್ಕೆ ಓಡಿದೆ. ಅವರಿಗೆ ಎಲ್ಲಿಗೋ ವರ್ಗವಾಗಿತ್ತು. ನಾನೂ ಓದು, ಕೆಲಸ, ಸಂಸಾರ ಎಂದು... ಎಷ್ಟೋ ವರ್ಷಗಳ ಮೇಲೆ ಲೋಕಿಕೆರೆಯವ ಸಿಕ್ಕು, ಮೇಷ್ಟ್ರು ತೀರಿಹೋದರು ಎಂದ. ಹುಡುಗರಾಗಿದ್ದಾಗ ಮೇಷ್ಟ್ರೂ ಒಂದು ಸಂದರ್ಶನದಲ್ಲಿ ಬಾಯಿ ಬಾರದೆ ಎದ್ದು ಬಂದಿದ್ದರಂತೆ, ಅಂತಲೂ ಸೇರಿಸಿದ. ನಿಜವೋ, ಇವನೇ ಕಟ್ಟಿದ್ದೋ. ಕೇಳಿ ತಿಳಿಯೋಣವೆಂದರೆ ಈಗ ಅವರಿಲ್ಲ.

"ಮೇಡಂ, ಈ ಗೆರೆ ಒರೆಸ್ಲೇನ್ರಿ?" ಎಂದ ಬಡಗಿ, ಕೈಯಲ್ಲಿ ಬಟ್ಟೆ ಹಿಡಿದು.

"ಬ್ಯಾಡ, ಇರ್ಲಿ" ಅಂದೆ.

ಅವನು ನನ್ನನ್ನೇ ಒಂದು ಗಳಿಗೆ ನೋಡಿದ. "ಯಾಕ್ರಿ?"

ನನಗೆ ನಗು ಬಂತು. ಆ ಶಬ್ದವನ್ನು ಹಾಗೆ ಕಾದು ನಿಂತು ಕೇಳಿದವರು ಇಷ್ಟು ವರ್ಷಗಳಲ್ಲಿ ಇನ್ನೊಬ್ಬರು ಸಿಕ್ಕಿರಲಿಲ್ಲ.